ಲೆಕ್ಕದ ನಿಯಮ ಗುಮಾಸ್ತರಿಗೂ ಓದಲು ಬರಲಿ

ಮೆಕ್ಕೆಜೋಳದ ಸುಗ್ಗಿ ಶುರುವಾದರೆ ದಾವಣಗೆರೆಯ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುವವರಿಗೆ ಪುರುಸೊತ್ತಿಲ್ಲ. ತೂಕ ಆಗಬೇಕು, ತೇವಾಂಶ ನೋಡಬೇಕು, ಚೀಲದ ತೂಕ ಕಳೆಯಬೇಕು, ಹಮಾಲಿ ಹಾಕಬೇಕು, ರೈತರಿಗೆ ಪಟ್ಟಿ, ಅಂದರೆ ಬಿಲ್ಲು, ಕೊಡಬೇಕು. ಯಾವುದನ್ನು ಮೊದಲು ಕಳೆಯಬೇಕು, ಯಾವುದನ್ನು ಆಮೇಲೆ ಅನ್ನುವುದೆಲ್ಲ ಹಳೇ ಗುಮಾಸ್ತರ ತಲೆಯಲ್ಲಿರುತ್ತದೆ. ಅದನ್ನು ಸಾಫ್ಟ್‌ವೇರ್ ಮಾಡಿಕೊಡುವುದು ನನ್ನಂಥವರ ಕೆಲಸ.

ಸಾಮಾನ್ಯವಾಗಿ ಏನಾಗುತ್ತದೆ ನೋಡಿ. ಗುಮಾಸ್ತರು ಹೇಳುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ಅದನ್ನು ಜಾವಾ, ಪೈಥಾನ್ ಥರದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಮಾಡುತ್ತಾರೆ. ಅಲ್ಲಿಗೆ ವಿಷಯ ಗೊತ್ತಿದ್ದವರ ಕೈಯಿಂದ ಅದು ತಪ್ಪಿಹೋಯಿತು. ಒಳಗೆ ಏನು ಬರೆದಿದ್ದಾರೆ ಅಂತ ಗುಮಾಸ್ತರಿಗೆ ತಿಳಿಯುವುದು ಪಟ್ಟಿ ತಪ್ಪಾಗಿ ಬಂದಾಗಲೇ. ಅಷ್ಟೊತ್ತಿಗೆ ರೈತರು ಕೌಂಟರ್ ಮುಂದೆ ನಿಂತಿರುತ್ತಾರೆ.

ಇದಕ್ಕೆ ಒಂದು ದಾರಿ ಡೊಮೇನ್ ಸ್ಪೆಸಿಫಿಕ್ ಲ್ಯಾಂಗ್ವೇಜ್, ಅಂದರೆ ಡಿಎಸ್‌ಎಲ್. ಒಂದೇ ಕೆಲಸಕ್ಕೆ ಅಂತ ಮಾಡಿದ ಪುಟ್ಟ ಭಾಷೆ. ಜೋಳದ ಲೆಕ್ಕ ಬಿಟ್ಟು ಬೇರೇನೂ ಅದರಲ್ಲಿ ಹೇಳಲು ಆಗುವುದಿಲ್ಲ, ಆಗಲೂಬಾರದು. ಉದಾಹರಣೆಗೆ ಹೀಗೆ (ಅಂಗಡಿಯಿಂದ ಅಂಗಡಿಗೆ ಲೆಕ್ಕ ಬೇರೆ, ಕಡಿತದ ಪ್ರಮಾಣ ನಾನು ಸುಮ್ನೆ ಇಟ್ಟಿದ್ದು):

ಮಾಲು ಮೆಕ್ಕೆಜೋಳ
ಮೊದಲು ಚೀಲದ ತೂಕ ಕಳೆ
ತೇವಾಂಶ ಶೇ. 14 ದಾಟಿದರೆ, ದಾಟಿದ ಪ್ರತಿ ಪಾಯಿಂಟ್‌ಗೆ ಕ್ವಿಂಟಲ್‌ಗೆ 1 ಕೆಜಿ ಕಳೆ

ಇದು ಬರೀ ಟಿಪ್ಪಣಿ ಅಲ್ಲ, ಕಂಪ್ಯೂಟರ್ ನಡೆಸುವುದೇ ಈ ಸಾಲುಗಳನ್ನು. ಗುಮಾಸ್ತರ ಮುಂದೆ ಇಟ್ಟರೆ ಒಂದೇ ನಿಮಿಷದಲ್ಲಿ ಕೇಳುತ್ತಾರೆ: "ತೇವಾಂಶ ಹದಿನಾರೂವರೆ ಬಂದರೆ?" ಚೀಲ ಕಳೆದು 20 ಕ್ವಿಂಟಲ್ ಮಾಲು ಅಂದುಕೊಳ್ಳಿ. ಅರ್ಧ ಪಾಯಿಂಟ್ ಬಿಟ್ಟರೆ 40 ಕೆಜಿ ಕಡಿತ. ಅರ್ಧವನ್ನು ಅರ್ಧವೇ ಹಿಡಿದರೆ 50. ಮೇಲಕ್ಕೆ ಏರಿಸಿದರೆ 60. ಈ ಎರಡು ತುದಿಗಳ ನಡುವೆ 20 ಕೆಜಿ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2400 ರೂಪಾಯಿ, ಆ ಲೆಕ್ಕದಲ್ಲಿ 480 ರೂಪಾಯಿ. ಮೂರರಲ್ಲಿ ಯಾವುದು ಸರಿ ಅಂತ ಪ್ರೋಗ್ರಾಮರ್ ತೀರ್ಮಾನ ಮಾಡಬಾರದು, ಅಲ್ವಾ? ಆದರೆ ಕೋಡ್‌ನಲ್ಲಿ ಅರ್ಧವನ್ನು ಪೂರ್ಣ ಸಂಖ್ಯೆಗೆ ತರುವ ಒಂದು ರೌಂಡ್ ಫಂಕ್ಷನ್ ಹಾಕಿ ಅವರೇ ತೀರ್ಮಾನ ಮಾಡಿರುತ್ತಾರೆ, ಯಾರಿಗೂ ಗೊತ್ತೇ ಆಗದ ಹಾಗೆ.

ಪ್ರೋಗ್ರಾಮರ್ ಅಲ್ಲದವರೂ ಬಳಸುವಂಥ ಭಾಷೆ ಮಾಡಬೇಕು ಅನ್ನುವ ಆಸೆ ಹೊಸದಲ್ಲ. 1959ರಲ್ಲಿ ಕೋಬಾಲ್ ರೂಪಿಸಿದಾಗ ಅದನ್ನು ಇಂಗ್ಲಿಷ್ ವಾಕ್ಯಗಳ ಹಾಗೆ ಇಟ್ಟರು, ಕಚೇರಿಯ ಮ್ಯಾನೇಜರ್‌ಗಳೂ ಓದಲಿ ಅಂತ. 1974ರಲ್ಲಿ ಐಬಿಎಂನ ಚೇಂಬರ್ಲಿನ್ ಮತ್ತು ಬಾಯ್ಸ್, ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ ಮೊದಲ ರೂಪವನ್ನು ಮುಂದಿಟ್ಟಾಗಲೂ ಪ್ರೋಗ್ರಾಮರ್‌ಗಳ ಜೊತೆಗೆ ಕಂಪ್ಯೂಟರ್ ಕಲಿಯದವರೂ ಅವರ ಮನಸ್ಸಿನಲ್ಲಿದ್ದರು. ಕೊನೆಗೆ ಎರಡನ್ನೂ ಬರೆದವರು ಹೆಚ್ಚಾಗಿ ಪ್ರೋಗ್ರಾಮರ್‌ಗಳೇ. ನಿಜವಾಗಿ ಗೆದ್ದದ್ದು ಸ್ಪ್ರೆಡ್‌ಶೀಟ್: 1979ರ ವಿಸಿಕ್ಯಾಲ್ಕ್, ಆಮೇಲೆ ಎಕ್ಸೆಲ್. ಫಾರ್ಮುಲಾ ಓದಲು ಕೋಬಾಲ್‌ನಷ್ಟು ಸುಲಭ ಇಲ್ಲ. ಆದರೂ ಜನ ಬಿಡಲಿಲ್ಲ, ಯಾಕೆಂದರೆ ಒಂದು ಅಂಕಿ ಬದಲಿಸಿದ ಕೂಡಲೇ ಪಕ್ಕದ ಚೌಕದಲ್ಲಿ ಉತ್ತರ ಬದಲಾಗುತ್ತದೆ.

ಅದಕ್ಕೇ ನನ್ನ ಹಠ ಇಷ್ಟೇ: ಗುಮಾಸ್ತರು ನಿಯಮ ಬರೆಯದಿದ್ದರೂ ಚಿಂತೆಯಿಲ್ಲ, ಓದಿ ತಿದ್ದುವಂತಿರಬೇಕು. ಓದುವಾಗ ಪಕ್ಕದಲ್ಲೇ ನಿಜವಾದ ಒಂದು ಪಟ್ಟಿಯ ಲೆಕ್ಕ ಕಾಣಬೇಕು. ಬರೀ ವಾಕ್ಯ ತೋರಿಸಿದರೆ "ಹೂಂ, ಸರಿ ಇದೆ" ಅಂತಾರೆ. ಅಂಕಿ ತೋರಿಸಿದರೆ ತಪ್ಪು ಹಿಡಿಯುತ್ತಾರೆ. ಸಾಫ್ಟ್‌ವೇರ್ ಪರೀಕ್ಷೆಗೆ ಬಳಸುವ ಕುಕುಂಬರ್‌ನ ಗರ್ಕಿನ್ ಭಾಷೆಯೂ ಉದಾಹರಣೆಗಳ ಮೇಲೆಯೇ ನಿಂತಿದೆ. ಅದರಲ್ಲಿ ಕನ್ನಡ ಕೀವರ್ಡ್‌ಗಳೂ ಇವೆ, ನಮ್ಮ ಹುಡುಗರಲ್ಲಿ ಬಳಸುವವರು ಕಡಿಮೆ.

ಕನ್ನಡದಲ್ಲೇ ಇಂಥ ಭಾಷೆ ಮಾಡಲು ಹೊರಟರೆ ಬೇರೆ ತರಲೆಗಳಿವೆ. ಚೀಲ, ಚೀಲದ, ಚೀಲಕ್ಕೆ, ಚೀಲದಿಂದ: ನಮಗೆ ಒಂದೇ ಪದ, ಸಾಲುಗಳನ್ನು ಓದಿ ಬಿಡಿಸುವ ಪ್ರೋಗ್ರಾಮ್‌ಗೆ (ಪಾರ್ಸರ್) ನಾಲ್ಕು. "ಕ್ವಿಂಟಲ್‌ಗೆ" ಅನ್ನುವಲ್ಲಿ ಲ್ ಮತ್ತು ಗೆ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಇರುತ್ತದೆ. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನ ಕಡತದಿಂದ ಕಾಪಿ ಮಾಡಿ ತಂದರಂತೂ ಅದು ಕನ್ನಡ ಅಂತಲೇ ಕಂಪ್ಯೂಟರ್‌ಗೆ ಗೊತ್ತಾಗದು. ಟೈಪ್ ಮಾಡಿಸುವ ಬದಲು ತೆರೆಯ ಮೇಲೆ ಸಿದ್ಧವಾಗಿರುವ ಪದಗಳಲ್ಲಿ ಆರಿಸುವ ಹಾಗೆ ಮಾಡಿದರೆ ಈ ತಲೆನೋವು ಮುಕ್ಕಾಲು ಪಾಲು ಹೋಗುತ್ತದೆ. ಗೂಗಲ್‌ನಲ್ಲಿ ಹುಟ್ಟಿದ, ತುಂಡುಗಳನ್ನು ಎಳೆದು ಜೋಡಿಸುವ ಬ್ಲಾಕ್ಲಿ ಥರದ ಸಾಧನ ಇದಕ್ಕೆ ಸಾಕು.

ಪದಗಳು ಮಾತ್ರ ಆ ಕಸುಬಿನವೇ ಆಗಿರಬೇಕು. ಜೋಳಕ್ಕೆ ಮಾಡಿದ ಭಾಷೆಯನ್ನು ಚನ್ನಗಿರಿಯ ಅಡಿಕೆ ವ್ಯಾಪಾರಕ್ಕೆ ಒಯ್ದರೆ ನಡೆಯದು. ಅಲ್ಲಿ ರಾಶಿ, ಬೆಟ್ಟೆ, ಗೊರಬಲು ಅಂತ ದರ್ಜೆಯ ಮೇಲೆ ಮಾತು ಶುರುವಾಗುತ್ತದೆ. ಎರಡಕ್ಕೂ ಒಂದೇ ಭಾಷೆ ಮಾಡೋಣ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಹಾಗೆ ಸೇರಿಸುತ್ತಾ ಹೋದರೆ ವೇರಿಯೇಬಲ್ ಬರುತ್ತದೆ, ಲೂಪ್ ಬರುತ್ತದೆ, ಕೊನೆಗೆ ಇನ್ನೊಂದು ಕೆಟ್ಟ ಪೈಥಾನ್ ಕೈಗೆ ಬರುತ್ತದೆ. ಪ್ರಿಂಟರ್, ಲಾಗಿನ್, ಡೇಟಾಬೇಸ್ ಇವೆಲ್ಲ ಮಾಮೂಲಿ ಕೋಡ್‌ನಲ್ಲೇ ಇರಲಿ. ನಿಯಮ ಎರಡು ವರ್ಷಕ್ಕೊಮ್ಮೆ ಬದಲಾಗುವ ಜಾಗದಲ್ಲಿ ಡಿಎಸ್‌ಎಲ್ ಬೇಕಾಗಿಯೂ ಇಲ್ಲ, ಅದನ್ನು ಕಟ್ಟುವ ಖರ್ಚು ಹುಟ್ಟುವುದಿಲ್ಲ.

ನಿಯಮ ಬದಲಿಸುವ ಅಧಿಕಾರ ಯಾರಿಗೆ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಸುಲಭವಾಗಿ ಬದಲಿಸಬಹುದು ಅಂದಮೇಲೆ ಸಂಜೆ ಹೊತ್ತಿನಲ್ಲಿ ಯಾರೋ ಬದಲಿಸಿಯೇ ಬಿಡುತ್ತಾರೆ. ನಾನು ಹೇಳುವ ಪದ್ಧತಿ ಇದು. ಪ್ರತಿ ನಿಯಮಕ್ಕೂ ಜಾರಿಯ ತಾರೀಖು ಇರಲಿ, ಹಳೇ ಪಟ್ಟಿ ಮತ್ತೆ ಪ್ರಿಂಟ್ ಮಾಡಿದರೆ ಹಳೇ ನಿಯಮದಲ್ಲೇ ಬರಲಿ. ಗುಮಾಸ್ತರು ತಿದ್ದಿದ ನಿಯಮವನ್ನು ಮೊದಲು ಹಿಂದಿನ ತಿಂಗಳ ಪಟ್ಟಿಗಳ ಮೇಲೆ ಓಡಿಸಿ. ಯಾವ ಯಾವ ಪಟ್ಟಿಯಲ್ಲಿ ಎಷ್ಟು ರೂಪಾಯಿ ವ್ಯತ್ಯಾಸ ಬಂತು ಅಂತ ಮಾಲೀಕರಿಗೆ ತೋರಿಸಿ. ಅವರು ನೋಡಿ ಒಪ್ಪಿದ ಮೇಲೆಯೇ ಮಾರನೇ ದಿನದ ತೂಕಕ್ಕೆ ಹಚ್ಚಿ.