ಶೇ. 20 ಹೆಚ್ಚು ಕೊಟ್ಟರೂ ಕಾಂಟ್ರ್ಯಾಕ್ಟ್ ರೇಟು ಯಾಕೆ ಕಡಿಮೆ?

ಪ್ರಶ್ನೆ: ಐಟಿ ಕಾಂಟ್ರ್ಯಾಕ್ಟ್ ಕೆಲಸಕ್ಕೆ ವೆಂಡರ್ (ಕೆಲಸಕ್ಕೆ ಜನ ಒದಗಿಸುವ ಮಧ್ಯವರ್ತಿ ಕಂಪನಿ) ಹೇಳಿದ ಗಂಟೆಯ ರೇಟು ನನ್ನ ಈಗಿನ ಸಂಬಳಕ್ಕಿಂತ ಶೇ. 20ರಷ್ಟು ಹೆಚ್ಚೇ ಬೀಳುತ್ತದೆ. ಗೊತ್ತಿರುವವರೆಲ್ಲ ಕಡಿಮೆ ಆಯಿತು ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಲೇ?

ಉತ್ತರ: ಬೇಡ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ, ಒಳಗಿನ ತಪ್ಪು ಲೆಕ್ಕ ಮಾತ್ರ ಒಂದೇ: ವರ್ಷದ ಸಂಬಳವನ್ನು 2080ರಿಂದ (52 ವಾರ, ವಾರಕ್ಕೆ 40 ಗಂಟೆ) ಭಾಗಿಸುವುದು, ಸಿಕ್ಕಿದ್ದಕ್ಕಿಂತ ರೇಟು ಹೆಚ್ಚಿದ್ದರೆ ಲಾಭ ಎಂದು ಖುಷಿಪಡುವುದು. ರಿಕ್ರೂಟರ್‌ಗಳೂ ಇದೇ ಲೆಕ್ಕ ಹೇಳಿಕೊಡುತ್ತಾರೆ. ಹೇಳದೆ ಇರುತ್ತಾರೆಯೇ, ಅವರಿಗೆ ಅನುಕೂಲವಾಗಿರುವುದೇ ಅದು!

2080 ಗಂಟೆಗೂ ದುಡ್ಡು ಸಿಗುವುದು ನೌಕರರಿಗೆ, ಜ್ವರ ಬಂದು ಮಲಗಿದ ದಿನವೂ ಸೇರಿ. ಕಾಂಟ್ರ್ಯಾಕ್ಟರ್‌ಗೆ ಟೈಮ್‌ಶೀಟಿನಲ್ಲಿ ಅಪ್ರೂವ್ ಆದ ಗಂಟೆಗಳಿಗಷ್ಟೇ. ಹಬ್ಬ-ಹರಿದಿನಕ್ಕೆ 10 ದಿನ, ಸ್ವಂತ ರಜೆ 15, ಕಾಯಿಲೆಗೆ 5 ಎಂದಿಟ್ಟುಕೊಳ್ಳಿ. 30 ದಿನ, ಅಂದರೆ 240 ಗಂಟೆ ಹೋಯಿತು, ಉಳಿದದ್ದು 1840. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗುವವರೆಗೆ ವರ್ಷಕ್ಕೆ 8 ವಾರ ಖಾಲಿ ಹೋದರೆ ಇನ್ನೂ 320 ಗಂಟೆ ಕಳೆಯಿರಿ: 1520. ಎಂಟು ವಾರ ಜಾಸ್ತಿಯಾಯಿತು ಅನ್ನುವವರು ಇಂಟರ್‌ವ್ಯೂ ಸುತ್ತುಗಳು, ಬ್ಯಾಕ್‌ಗ್ರೌಂಡ್ ಚೆಕ್, ಲಾಗಿನ್ ಸಿಗಲು ಕಾಯುವ ದಿನಗಳು ಎಲ್ಲವನ್ನೂ ಒಮ್ಮೆ ಎಣಿಸಿ ನೋಡಲಿ.

ಇನ್ನು ಖರ್ಚು. ವಿಮೆ, ನಿವೃತ್ತಿಯ ಉಳಿತಾಯಕ್ಕೆ ಕಂಪನಿ ಹಾಕುವ ಪಾಲು, ಬೋನಸ್, ಲ್ಯಾಪ್‌ಟಾಪ್, ಟ್ರೈನಿಂಗ್, ಇವೆಲ್ಲ ಈಗ ನಿಮ್ಮ ತಲೆಯ ಮೇಲೆ. ಸಂಬಳದ ಶೇ. 25 ಎಂದು ಹಿಡಿಯೋಣ. ನಿಮ್ಮ ಸಂಬಳ ಗಂಟೆಗೆ 100 ಬೀಳುತ್ತಿದ್ದರೆ ವರ್ಷಕ್ಕೆ 2,08,000. ಖರ್ಚು ಸೇರಿ 2,60,000. ಇದನ್ನು 1520ರಿಂದ ಭಾಗಿಸಿದರೆ 171. ಈಗಿನ ಸ್ಥಿತಿಯಲ್ಲೇ ಉಳಿಯಲು ಬೇಕಾದ ರೇಟು ಇದು, ಲಾಭದ ಮಾತು ಇನ್ನೂ ಬಂದೇ ಇಲ್ಲ. ನಿಮಗೆ ಹೇಳಿರುವ 120ಕ್ಕೆ 1520 ಗಂಟೆ ದುಡಿದರೆ ಕೈಗೆ ಬರುವುದು 1,82,400. ಬರಿಯ ಸಂಬಳಕ್ಕಿಂತಲೂ ಕಡಿಮೆ!

"ನನ್ನದು ಲಾಂಗ್ ಟರ್ಮ್, ಮಧ್ಯೆ ಖಾಲಿ ಕೂರುವುದಿಲ್ಲ" ಎಂಬ ವಾದ ಬಂದೇ ಬರುತ್ತದೆ. ಸರಿ, 1840ರಿಂದಲೇ ಭಾಗಿಸಿ. ಆಗಲೂ 141.

ರೇಟು ಇಷ್ಟು ಇಳಿಯುವುದು ಯಾಕೆ ಅಂದರೆ, ಹಲವು ಸಲ ಕ್ಲೈಂಟಿಗೂ (ಕೆಲಸ ಮಾಡಿಸಿಕೊಳ್ಳುವ ಕಂಪನಿ) ನಿಮಗೂ ನಡುವೆ ಇರುವ ಲೇಯರ್‌ಗಳಿಂದ, ಅಂದರೆ ಒಬ್ಬರ ಕೆಳಗೊಬ್ಬರು ಇರುವ ವೆಂಡರ್‌ಗಳಿಂದ. ಕ್ಲೈಂಟ್ 200 ಕೊಟ್ಟರೂ ಮೊದಲ ವೆಂಡರ್ ಶೇ. 20 ಹಿಡಿದರೆ 160, ಎರಡನೆಯವರು ಶೇ. 15 ಹಿಡಿದರೆ 136, ಮೂರನೆಯವರು ಶೇ. 12 ಹಿಡಿದರೆ ಸುಮಾರು 120. ಹಾಗಾಗಿ ರೇಟಿಗಿಂತ ಮೊದಲು ಕೇಳಬೇಕಾದದ್ದು "ನೀವು ಕ್ಲೈಂಟಿಗೆ ನೇರ ವೆಂಡರ್ರೇ?" ಎಂದು. ಅದೇ ರಿಕ್ವೈರ್‌ಮೆಂಟ್ (ಕ್ಲೈಂಟ್ ಜನ ಹುಡುಕುತ್ತಿರುವ ಕೆಲಸ) ಇನ್ನೊಬ್ಬ ವೆಂಡರ್ ಬಳಿ ಒಳ್ಳೆಯ ರೇಟಿಗೆ ಇರಬಹುದು. ಆದರೆ "ನನ್ನ ರೆಸ್ಯೂಮೆ ಕಳಿಸಿ" ಎಂದು ಇಬ್ಬರಿಗೂ ಮೇಲ್‌ನಲ್ಲಿ ಒಪ್ಪಿಗೆ ಕೊಡಬೇಡಿ. ಒಂದೇ ಹೆಸರು ಎರಡು ಕಡೆಯಿಂದ ಬಂದರೆ ತಕರಾರು ಬೇಡವೆಂದು ಕ್ಲೈಂಟ್ ಎರಡನ್ನೂ ಪಕ್ಕಕ್ಕಿಡುವುದುಂಟು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ದುಡ್ಡು ಬರುವುದು ಯಾವಾಗ? ತಿಂಗಳ ಕೊನೆಗೆ ಇನ್‌ವಾಯ್ಸ್, ಅದರ ಮೇಲೆ ನೆಟ್ 60 (ಇನ್‌ವಾಯ್ಸ್ ಕೊಟ್ಟ 60 ದಿನದೊಳಗೆ ಪಾವತಿ) ಎಂದಿದ್ದರೆ, 1ನೇ ತಾರೀಕು ಮಾಡಿದ ಕೆಲಸದ ಹಣ ಮುಟ್ಟಲು ಸುಮಾರು 90 ದಿನ. ಮೂರು ತಿಂಗಳ ಮನೆಖರ್ಚು ಕೈಯಲ್ಲಿರಬೇಕು. ಕರಾರಿನಲ್ಲಿ "ಕ್ಲೈಂಟ್ ಪಾವತಿಸಿದ ಮೇಲೆ ನಿಮಗೆ ಪಾವತಿ" ಎಂಬ ಸಾಲಿದ್ದರೆ ತೆಗೆಸಿ, ಇಲ್ಲವಾದರೆ ಕ್ಲೈಂಟಿನಿಂದ ವೆಂಡರ್ ಮಾಡಬೇಕಾದ ವಸೂಲಿಯ ಅಪಾಯವನ್ನು ಬಡ್ಡಿಯಿಲ್ಲದೆ ಹೊರುವವರು ನೀವಾಗುತ್ತೀರಿ. ರೇಟಿನಲ್ಲಿ ಒಂದು ರೂಪಾಯಿಯನ್ನೂ ಏರಿಸದ ವೆಂಡರ್, 15 ದಿನಕ್ಕೊಮ್ಮೆ ಇನ್‌ವಾಯ್ಸ್ ಮತ್ತು ನೆಟ್ 15ಕ್ಕೆ ಒಪ್ಪುವ ಸಾಧ್ಯತೆ ಇದೆ. ಆಗ ಮೊದಲ ಹಣ 30 ದಿನದಲ್ಲಿ ಬರುತ್ತದೆ. ಜೊತೆಗೆ ನೋಟಿಸ್ ಅವಧಿಯನ್ನೂ ನೋಡಿ: ಅವರು ನಿಮ್ಮನ್ನು ಒಂದೇ ದಿನದಲ್ಲಿ ಬಿಡಿಸಬಹುದು, ನೀವು ಮಾತ್ರ 30 ದಿನ ಮೊದಲೇ ಹೇಳಬೇಕು ಎಂದಿದ್ದರೆ, ಎರಡೂ ಕಡೆ ಸಮ ಮಾಡಿಸಿದ ಮೇಲೆಯೇ ಸಹಿ ಹಾಕಿ.