ಓದುಗರ ಪ್ರಶ್ನೆ: ‘ರೆಸ್ಲಿಂಗ್ ಎಲ್ಲ ಸುಳ್ಳಂತೆ, ಹೌದಾ?’

ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ ಲೆಕ್ಕವಿಟ್ಟಿಲ್ಲ. ಒಕ್ಕಣೆ ಮಾತ್ರ ಬದಲಾಗುವುದಿಲ್ಲ: ‘ಸರ್, ಇಷ್ಟು ವರ್ಷದಿಂದ ಡಬ್ಲ್ಯುಡಬ್ಲ್ಯುಇ ನೋಡ್ತಿದ್ದೀರಿ, ಅದೆಲ್ಲ ಸುಳ್ಳು ಅಂತ ನಿಮಗೆ ಗೊತ್ತಿಲ್ವಾ?’ ಕೇಳುವವರ ದನಿಯಲ್ಲಿ ಕನಿಕರ ಬೇರೆ.

ಗೊತ್ತು. ಯಾರು ಗೆಲ್ಲಬೇಕು, ಹೇಗೆ ಗೆಲ್ಲಬೇಕು ಎಂಬುದು ಇಬ್ಬರೂ ರಿಂಗಿಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಇದು ಗುಟ್ಟೂ ಅಲ್ಲ. 1989ರಲ್ಲಿ, ಈ ಪ್ರದರ್ಶನಗಳನ್ನು ನಡೆಸುವ, ಆಗಿನ್ನೂ ಡಬ್ಲ್ಯುಡಬ್ಲ್ಯುಎಫ್ ಎಂದು ಕರೆಸಿಕೊಳ್ಳುತ್ತಿದ್ದ ಡಬ್ಲ್ಯುಡಬ್ಲ್ಯುಇ ಕಂಪನಿಯೇ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ, ತಮ್ಮದು ನಿಜವಾದ ಸ್ಪರ್ಧೆಯಲ್ಲ, ಜನರ ಮನರಂಜನೆಗೆ ನಡೆಸುವ ಪ್ರದರ್ಶನ ಎಂದು ಒಪ್ಪಿಕೊಂಡಿತು. ಕ್ರೀಡಾ ಆಯೋಗದ ಹಿಡಿತದಿಂದಲೂ ತೆರಿಗೆಯಿಂದಲೂ ತಪ್ಪಿಸಿಕೊಳ್ಳಲು ಅವರಿಗೆ ಅದು ಬೇಕಿತ್ತು. ಮೂರು ದಶಕ ದಾಟಿದ ಮೇಲೆ ಅದನ್ನೇ ಪಿಸುಮಾತಿನಲ್ಲಿ ನನಗೆ ಹೇಳಬೇಕಾಗಿಲ್ಲ.

ಕೇಳಿದ್ದಕ್ಕೆ ಉತ್ತರ ಇಷ್ಟೇ. ಆದರೆ ಈ ಪ್ರಶ್ನೆಯ ಬೆನ್ನಿಗೆ ಯಾವಾಗಲೂ ಇನ್ನೊಂದು ಮಾತು ಅಂಟಿಕೊಂಡೇ ಬರುತ್ತದೆ. ‘ರಿಂಗ್ ಒಳಗೆ ಹಾಸಿಗೆ ಇರುತ್ತೆ, ಕೆಳಗೆ ಸ್ಪ್ರಿಂಗ್ ಇರುತ್ತೆ, ರಕ್ತ ಅಂದ್ರೆ ಕೆಂಪು ಬಣ್ಣ, ಅವರಿಗೆ ಏನೂ ಆಗಲ್ಲ.’ ಈ ಮಾತನ್ನು ಮಾತ್ರ ನಾನು ಬಿಡುವವನಲ್ಲ.

ಮೊದಲು ರಿಂಗ್ ವಿಷಯ. ಒಮ್ಮೆ ಸಣ್ಣದೊಂದು ಪ್ರದರ್ಶನ ಮುಗಿದು ಹುಡುಗರು ರಿಂಗ್ ಬಿಚ್ಚುತ್ತಿದ್ದಾಗ ಪಕ್ಕದಲ್ಲೇ ನಿಂತಿದ್ದೆ. ಮೇಲಿನ ಕ್ಯಾನ್ವಾಸ್ ಬಟ್ಟೆಯನ್ನು ಸುತ್ತಿ ತೆಗೆದರು. ಅದರಡಿ ಬೆರಳ ದಪ್ಪದ ಫೋಮ್. ನನ್ನ ಅಂಗೈ ಒತ್ತಿದಾಗ ಅದು ಅಪ್ಪಚ್ಚಿಯಾಗಿ, ಕೆಳಗಿನ ಮರ ನೇರವಾಗಿ ಕೈಗೆ ತಾಗಿತು. ಫೋಮ್ ಸರಿಸಿದರೆ ಸಾಲಾಗಿ ಜೋಡಿಸಿದ ಹಲಗೆಗಳು. ಹಲಗೆ ಎತ್ತಿದರೆ ಉಕ್ಕಿನ ತೊಲೆಗಳು. ಅಷ್ಟೇ, ಮತ್ತೇನೂ ಇಲ್ಲ. ಕೆಲವು ರಿಂಗ್‌ಗಳ ನಡುವೆ ಒಂದು ಸ್ಪ್ರಿಂಗ್ ಕೂರಿಸುತ್ತಾರೆ, ನಿಜ. ಹಲಗೆ ತುಸು ಬಳುಕಲಿ, ಬೆನ್ನುಮೂಳೆ ಒಂದೇ ದಿನದಲ್ಲಿ ಮುರಿಯದಿರಲಿ ಎಂದು. ಅದನ್ನು ಹಾಸಿಗೆ ಎನ್ನುವವರು ಬಾಗಿಲಿನ ಹಲಗೆಯ ಮೇಲೆ ಕಂಬಳಿ ಹಾಸಿ, ನಿಂತ ನಿಲುವಿನಲ್ಲೇ ಬೆನ್ನಡಿಯಾಗಿ ಬೀಳುವುದನ್ನು ಕಲ್ಪಿಸಿಕೊಳ್ಳಲಿ. ಕಲ್ಪನೆ ಸಾಕು, ಮಾಡಿ ನೋಡುವುದು ಬೇಡ. ಹಗ್ಗಗಳೂ ಅಷ್ಟೇ. ಡಬ್ಲ್ಯುಡಬ್ಲ್ಯುಇಯಲ್ಲಿ ನಿಜವಾದ ಹಗ್ಗಕ್ಕೆ ಟೇಪ್ ಸುತ್ತಿರುತ್ತಾರೆ. ಬೇರೆ ಎಷ್ಟೋ ಕಡೆ ರಬ್ಬರ್ ಕೊಳವೆಯೊಳಗೆ ಉಕ್ಕಿನ ಕೇಬಲ್. ಹೊಸದಾಗಿ ಕಲಿಯುವವರು ಹಗ್ಗಕ್ಕೆ ಓಡಿ ಬೆನ್ನು ಕೊಟ್ಟು ಕೊಟ್ಟು, ಕಂಕುಳ ಕೆಳಗೆ ನೀಲಿಗಟ್ಟಿದ ಬರೆಗಳನ್ನು ಹೊತ್ತುಕೊಂಡೇ ಮನೆಗೆ ಹೋಗುತ್ತಾರೆ.

ಹಾಗಾದರೆ ಸಾಯದೆ ಹೇಗೆ ಉಳಿಯುತ್ತಾರೆ? ಬೀಳುವುದನ್ನು ಕಲಿಯುವುದರಿಂದ. ಅವರ ಭಾಷೆಯಲ್ಲಿ ಅದಕ್ಕೆ ಬಂಪ್ ಎನ್ನುತ್ತಾರೆ. ಗಲ್ಲವನ್ನು ಎದೆಗೆ ಒತ್ತಿಕೊಳ್ಳಬೇಕು, ಇಲ್ಲವಾದರೆ ತಲೆಯ ಹಿಂಭಾಗ ಹಲಗೆಗೆ ಬಡಿಯುತ್ತದೆ. ಉಸಿರು ಬಿಡುತ್ತಾ ಬೀಳಬೇಕು. ಇಡೀ ಬೆನ್ನು ಒಟ್ಟಿಗೆ ತಾಗಬೇಕು, ಅದೇ ಕ್ಷಣದಲ್ಲಿ ಎರಡೂ ಕೈ ನೆಲಕ್ಕೆ ಬಡಿಯಬೇಕು. ಏಟು ಒಂದೇ ಕಡೆ ಇಳಿಯದೆ ಮೈಯೆಲ್ಲ ಹಂಚಿಹೋಗುತ್ತದೆ. ಗಮನಿಸಿ, ಹಂಚಿಹೋಗುತ್ತದೆ, ಮಾಯವಾಗುವುದಿಲ್ಲ. ವರ್ಷಗಟ್ಟಲೆ ವಾರಕ್ಕೆ ನಾಲ್ಕೈದು ರಾತ್ರಿ ಹೀಗೆ ಬಿದ್ದವರ ಮೊಣಕಾಲು, ಸೊಂಟ, ಕುತ್ತಿಗೆ ಏನಾಗಿವೆ ಎಂಬುದನ್ನು ನಿವೃತ್ತರಾದ ಯಾವ ರೆಸ್ಲರ್ ಮೆಟ್ಟಿಲಿಳಿಯುವಾಗ ನೋಡಿದರೂ ಸಾಕು.

ಗುದ್ದುಗಳ ವಿಷಯದಲ್ಲಿ ನೀವು ಹೇಳುವುದು ಬಹುಪಾಲು ಸರಿ. ಮುಷ್ಟಿ ಕೊನೆಯ ಗಳಿಗೆಯಲ್ಲಿ ಸಡಿಲವಾಗುತ್ತದೆ, ಕಾಲು ನೆಲಕ್ಕೆ ಬಡಿದು ಸದ್ದು ಬರುತ್ತದೆ, ಆ ಸದ್ದನ್ನು ಹಿಡಿಯಲು ರಿಂಗ್ ಅಡಿಯಲ್ಲೇ ಮೈಕ್ ಇಟ್ಟಿರುತ್ತಾರೆ. ಆದರೆ ಎದೆಗೆ ಅಂಗೈ ಬೀಸಿ ಹೊಡೆಯುವ ಚಾಪ್ ಬಂದಾಗ ಪರದೆಗೆ ಸ್ವಲ್ಪ ಹತ್ತಿರ ಕುಳಿತು ನೋಡಿ. ಮೂರನೇ ಏಟಿಗೆ ಚರ್ಮ ಕೆಂಪಾಗುತ್ತದೆ, ಏಳೆಂಟಾಗುವಷ್ಟರಲ್ಲಿ ಬೆರಳುಗಳ ಗುರುತು ಎದ್ದು ಕಾಣುತ್ತದೆ. ಯಾವ ಬಣ್ಣ ಬಳಿದರೂ ಹಾಗೆ ಬಾಸುಂಡೆ ಏಳುವುದಿಲ್ಲ.

ಇನ್ನು ರಕ್ತ. ಬಣ್ಣದ ಗುಳಿಗೆ ಎಂಬ ನಂಬಿಕೆ ಎಷ್ಟು ಗಟ್ಟಿ ಎಂದರೆ, ನಿಜಸಂಗತಿ ಹೇಳಿದರೆ ಜನ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಬ್ಲೇಡಿನ ಸಣ್ಣ ಚೂರೊಂದನ್ನು ಮಣಿಕಟ್ಟಿನ ಅಥವಾ ಬೆರಳಿನ ಟೇಪಿನಲ್ಲಿ ಅಡಗಿಸಿಟ್ಟುಕೊಂಡು, ಮುಖ ಮುಚ್ಚಿ ಬಿದ್ದಾಗ ತಮ್ಮ ಹಣೆಯನ್ನು ತಾವೇ ಗೀರಿಕೊಳ್ಳುತ್ತಿದ್ದರು. ಬೆವರಿನ ಜೊತೆ ಸೇರಿ ರಕ್ತ ಮುಖದ ತುಂಬ ಹರಿಯುತ್ತದೆ. ಹೌದು, ಬೇಕೆಂದೇ ಮಾಡಿಕೊಳ್ಳುವುದು. ಆದರೆ ರಕ್ತ ಅವರದೇ. 2004ರ ಜಡ್ಜ್‌ಮೆಂಟ್ ಡೇ ಎಂಬ ಪ್ರದರ್ಶನದಲ್ಲಿ ರೆಸ್ಲರ್ ಎಡ್ಡಿ ಗೆರೆರೊ ಗೀರಿಕೊಂಡದ್ದು ಅಂದಾಜಿಗಿಂತ ಆಳವಾಗಿ ಇಳಿಯಿತು. ಮ್ಯಾಟ್ ಮೇಲೆ ರಕ್ತ ಮಡುಗಟ್ಟಿತು. ಆ ಪಂದ್ಯವನ್ನು ನಾನು ಎರಡನೇ ಸಲ ನೋಡಿಲ್ಲ. ಅಬ್ದುಲ್ಲಾ ದಿ ಬುಚರ್ ಎಂಬಾತನ ಹಣೆಯ ಮೇಲಿದ್ದ ಹಳೆಯ ಗೀರುಗಳಲ್ಲಿ ನಾಣ್ಯ ಸಿಕ್ಕಿಸಿ ನಿಲ್ಲಿಸಬಹುದಿತ್ತು.

ಈಗ ಮಿಕ್ ಫೋಲಿ ಎಂಬ ರೆಸ್ಲರ್‌ನ ಕಥೆ. 1998ರ ಜೂನ್ 28, ಪಿಟ್ಸ್‌ಬರ್ಗ್, ಹೆಲ್ ಇನ್ ಎ ಸೆಲ್, ಅಂದರೆ ರಿಂಗ್ ಸುತ್ತ ಪಂಜರ ಕಟ್ಟಿ ಆಡುವ ಪಂದ್ಯ. ಮ್ಯಾನ್‌ಕೈಂಡ್ ಹೆಸರಿನಲ್ಲಿ ಆಡುತ್ತಿದ್ದ ಫೋಲಿಯನ್ನು ಅಂಡರ್‌ಟೇಕರ್ ಸುಮಾರು 16 ಅಡಿ ಎತ್ತರದ ಪಂಜರದ ತುದಿಯಿಂದ ಕಾಮೆಂಟರಿ ಟೇಬಲ್ ಮೇಲೆ ಎಸೆದ. ಇದು ಮೊದಲೇ ಮಾತಾಡಿಕೊಂಡದ್ದು. ಸ್ಟ್ರೆಚರ್ ಬಂತು, ಕರೆದೊಯ್ಯತೊಡಗಿದರು. ಫೋಲಿ ಸ್ಟ್ರೆಚರಿನಿಂದ ಇಳಿದು ವಾಪಸು ಬಂದು ಮತ್ತೆ ಪಂಜರ ಹತ್ತಿದ. ಮೇಲೆ ಅಂಡರ್‌ಟೇಕರ್ ಚೋಕ್‌ಸ್ಲ್ಯಾಮ್ ಕೊಟ್ಟಾಗ, ಅಂದರೆ ಕುತ್ತಿಗೆ ಹಿಡಿದೆತ್ತಿ ಕೆಡವಿದಾಗ, ಚಾವಣಿಯ ಜಾಲರಿಯೇ ಕಿತ್ತುಬಂತು. ಅದು ಯಾರ ಯೋಜನೆಯಲ್ಲೂ ಇರಲಿಲ್ಲ. ಫೋಲಿ ನೇರವಾಗಿ ರಿಂಗ್ ನಡುವೆ ಬಿದ್ದ, ಮೇಲಿದ್ದ ಉಕ್ಕಿನ ಕುರ್ಚಿ ಬೆನ್ನಟ್ಟಿ ಬಂದು ಮುಖಕ್ಕೆ ಅಪ್ಪಳಿಸಿತು. ಹಲ್ಲು ಕಿತ್ತುಹೋಯಿತು, ಭುಜ ಕಳಚಿತು, ಪ್ರಜ್ಞೆ ತಪ್ಪಿತು. ಅವನಿಗೆ ಎಚ್ಚರ ಬರುವಷ್ಟು ಹೊತ್ತು ಸಿಗಲೆಂದು ಟೆರ್ರಿ ಫಂಕ್ ರಿಂಗಿಗೆ ಬಂದು ಅಂಡರ್‌ಟೇಕರ್ ಕೈಯಲ್ಲಿ ಏಟು ತಿಂದ. ಕ್ಯಾಮೆರಾ ಫೋಲಿಯ ಮುಖಕ್ಕೆ ಹತ್ತಿರ ಹೋದಾಗ ಮೂಗಿನ ಹೊಳ್ಳೆಯಲ್ಲಿ ಬೆಳ್ಳಗೆ ಏನೋ ಕಾಣುತ್ತದೆ. ಮೊದಲ ಸಲ ನೋಡಿದಾಗ ನನಗೆ ಏನೆಂದು ತಿಳಿಯಲಿಲ್ಲ. ಅದು ಅವನದೇ ಹಲ್ಲು.

ಆ ಪಂದ್ಯದಲ್ಲಿ ಅಂಡರ್‌ಟೇಕರ್ ಗೆಲ್ಲಬೇಕೆಂದು ಬರೆದಿತ್ತು, ಅಂಡರ್‌ಟೇಕರ್ ಗೆದ್ದ. ಇದರಲ್ಲಿ ಯಾವುದು ಸುಳ್ಳು, ತೋರಿಸಿ.

ಇದಕ್ಕಿಂತ ಒಂದು ವರ್ಷ ಹಿಂದೆ, 1997ರ ಆಗಸ್ಟ್ 3ರಂದು, ಸಮ್ಮರ್‌ಸ್ಲ್ಯಾಮ್ ಎಂಬ ಪ್ರದರ್ಶನದಲ್ಲಿ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಮತ್ತು ಓವನ್ ಹಾರ್ಟ್ ಎದುರಾಗಿದ್ದರು. ಆಸ್ಟಿನ್ ಗೆಲ್ಲಬೇಕು. ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ಕೆಡವುವ ಪೈಲ್‌ಡ್ರೈವರ್ ಪಟ್ಟನ್ನು ಓವನ್ ಕೊಟ್ಟಾಗ ಆಸ್ಟಿನ್ ತಲೆ ಇರಬೇಕಾದಷ್ಟು ಮೇಲೆ ಇರಲಿಲ್ಲ, ನೆತ್ತಿ ನೆಲಕ್ಕೆ ಬಡಿಯಿತು. ಕೈಕಾಲು ಆಡಲಿಲ್ಲ. ಆಗ ಓವನ್ ಮಾಡಿದ್ದನ್ನು ಗಮನಿಸಿ. ಅವನು ಪ್ರೇಕ್ಷಕರ ಕಡೆ ತಿರುಗಿ ಅವರನ್ನು ಕೆಣಕುತ್ತಾ, ಕೈಬೀಸುತ್ತಾ ಹೊತ್ತು ಕಳೆದ, ಗೆಳೆಯನಿಗೆ ಮೈಯಲ್ಲಿ ಚಲನೆ ಬರಲಿ ಎಂದು. ಆಸ್ಟಿನ್ ತೆವಳಿಕೊಂಡು ಬಂದು, ಜೀವವೇ ಇಲ್ಲದಂಥ ಕೈಗಳಿಂದ ಓವನ್ನನ್ನು ಉರುಳಿಸಿದ. ಒಂದು ಮಗುವೂ ಬಿಡಿಸಿಕೊಳ್ಳಬಹುದಾದ ಹಿಡಿತ. ಓವನ್ ಬಿಡಿಸಿಕೊಳ್ಳಲಿಲ್ಲ. ರೆಫರಿ ಮೂರು ಎಣಿಸಿದ, ಬರೆದಿದ್ದಂತೆಯೇ ಆಸ್ಟಿನ್ ಗೆದ್ದ. ಆ ಕುತ್ತಿಗೆಗೆ ಮುಂದೆ ಶಸ್ತ್ರಚಿಕಿತ್ಸೆ ಆಗಬೇಕಾಯಿತು, 2003ರಲ್ಲಿ ಅವನು ನಿವೃತ್ತನಾದದ್ದಕ್ಕೆ ಮೂಲವೂ ಅದೇ.

1999ರ ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ಓವನ್ ಹಾರ್ಟ್‌ನನ್ನು ಚಾವಣಿಯಿಂದ ರಿಂಗಿಗೆ ಹಗ್ಗದಲ್ಲಿ ಇಳಿಸುವಾಗ ಕೊಂಡಿ ಕಳಚಿ ಸುಮಾರು 78 ಅಡಿ ಕೆಳಗೆ ಬಿದ್ದ. ವಯಸ್ಸು 34. ಕಾಮೆಂಟರಿ ಮಾಡುತ್ತಿದ್ದ ಜಿಮ್ ರಾಸ್ ಇದು ಕಥೆಯ ಭಾಗವಲ್ಲ, ನಿಜವಾಗಿ ಆಗಿರುವುದು ಎಂದು ವೀಕ್ಷಕರಿಗೆ ಒತ್ತಿ ಹೇಳಬೇಕಾಯಿತು. ಸ್ವಲ್ಪ ಹೊತ್ತಿಗೆ ಅದೇ ದನಿಯಲ್ಲಿ ಸಾವಿನ ಸುದ್ದಿ ಬಂತು. ಎಲ್ಲ ಸುಳ್ಳು ಎಂಬ ನಂಬಿಕೆ ಎಂಥ ಕ್ರೂರ ನಂಬಿಕೆ ಎಂದು ನನಗೆ ತಿಳಿದದ್ದು ಆಮೇಲೆ. ವರ್ಷಗಳು ಕಳೆದ ಮೇಲೂ ‘ಓವನ್ ನಿಜವಾಗ್ಲೂ ಸತ್ತನಾ, ಇಲ್ಲ ಅದೂ ಸ್ಕ್ರಿಪ್ಟಾ’ ಎಂದು ಕೇಳಿದವರಿದ್ದಾರೆ. ಅವನಿಗೆ ಹೆಂಡತಿ ಇದ್ದಳು, ಇಬ್ಬರು ಚಿಕ್ಕ ಮಕ್ಕಳಿದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಡ್ಯಾರೆನ್ ಡ್ರೊಜ್ಡಾವ್ ಎಂಬ ಯುವಕ ಎಷ್ಟೋ ಸಲ ಮಾಡಿದ್ದ ಪಟ್ಟೊಂದರಲ್ಲಿ ಕುತ್ತಿಗೆ ಮುರಿದುಕೊಂಡು ಗಾಲಿಕುರ್ಚಿ ಸೇರಿದ, ಮತ್ತೆ ಏಳಲಿಲ್ಲ. 2001ರಲ್ಲಿ ಟ್ರಿಪಲ್ ಎಚ್ ಎಂಬ ರೆಸ್ಲರ್ ತೊಡೆಯ ಸ್ನಾಯು ಹರಿದ ಮೇಲೂ ಪಂದ್ಯ ನಿಲ್ಲಿಸದೆ, ಅದೇ ಕಾಲನ್ನು ತಿರುಚುವ ಪಟ್ಟನ್ನು ಎದುರಾಳಿ ಕ್ರಿಸ್ ಜೆರಿಕೊನಿಂದ ಹಾಕಿಸಿಕೊಂಡ. ಪಟ್ಟಿ ಇನ್ನೂ ಉದ್ದವಿದೆ. ಸಾಕು.

ಆದ್ದರಿಂದ ದಯವಿಟ್ಟು ಪದವನ್ನು ಸರಿಯಾಗಿ ಬಳಸಿ. ಫಲಿತಾಂಶ ನಿಗದಿಯಾದದ್ದು, ಬೀಳುವುದು ನಿಜ. ನಿಗದಿ ಬೇರೆ, ಸುಳ್ಳು ಬೇರೆ.

‘ಯಾಕೆ ನಿಗದಿ ಮಾಡಬೇಕಿತ್ತು, ನಿಜವಾಗಿಯೇ ಆಡಬಹುದಿತ್ತಲ್ಲ’ ಎನ್ನುವವರಿಗೆ ಒಂದು ಮಾತು. 1916ರಲ್ಲಿ ಒಮಾಹಾದಲ್ಲಿ ಜೋ ಸ್ಟೆಕರ್ ಮತ್ತು ಎಡ್ ಲೂಯಿಸ್ ಸುಮಾರು ಐದು ಗಂಟೆ ಹಿಡಿದಾಡಿ, ಕೊನೆಗೆ ಯಾರೂ ಗೆಲ್ಲದೆ ಪಂದ್ಯ ಮುಗಿಯಿತು. ನೆಲದ ಮೇಲೆ ಒಬ್ಬರನ್ನೊಬ್ಬರು ಬಿಗಿಹಿಡಿದು ಮಲಗಿದ್ದನ್ನು ಐದು ಗಂಟೆ ನೋಡಲು ಎಷ್ಟು ಜನ ಬರುತ್ತಾರೆ? ಅದೇ ಲೂಯಿಸ್ ಮತ್ತು ಜೊತೆಗಾರರು 1920ರ ದಶಕದಲ್ಲಿ ಹೊತ್ತಿನ ಮಿತಿ, ಎತ್ತಿ ಎಸೆಯುವ ಪಟ್ಟುಗಳು, ಊರೂರಿಗೆ ಮುಂದುವರಿಯುವ ಜಿದ್ದು ಎಲ್ಲ ಸೇರಿಸಿ ಇದನ್ನು ಬೇರೆಯೇ ಕಲೆಯಾಗಿ ಕಟ್ಟಿದರು.

ಫಲಿತಾಂಶ ಗೊತ್ತಿದ್ದರೆ ಸ್ವಾರಸ್ಯ ಏನು ಎಂಬುದಕ್ಕೂ ಉತ್ತರ ಇದೆ, ಅದೂ ಫೋಲಿಯದ್ದೇ. 1999ರ ಜನವರಿ 4. ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯು ತನ್ನ ನೇರ ಪ್ರಸಾರದಲ್ಲೇ, ಇನ್ನೊಂದು ಚಾನೆಲ್‌ನಲ್ಲಿ ಇವತ್ತು ಮಿಕ್ ಫೋಲಿ ಚಾಂಪಿಯನ್ ಆಗಲಿದ್ದಾನೆ ಎಂದು ಹೇಳಿಬಿಟ್ಟಿತು. ಡಬ್ಲ್ಯುಡಬ್ಲ್ಯುಎಫ್ ಕಾರ್ಯಕ್ರಮ ಮೊದಲೇ ಚಿತ್ರೀಕರಣವಾಗಿತ್ತು. ಗುಟ್ಟು ಹೇಳಿದರೆ ಯಾರೂ ಅತ್ತ ಹೋಗುವುದಿಲ್ಲ ಎಂದು ಅವರ ಲೆಕ್ಕ. ಲಕ್ಷಾಂತರ ಜನ ಆ ಕ್ಷಣವೇ ಚಾನೆಲ್ ಬದಲಿಸಿ ಫೋಲಿಯನ್ನು ನೋಡಲು ಹೋದರು. ಗೆಲ್ಲುವುದು ಖಚಿತ ಎಂದು ತಿಳಿದದ್ದಕ್ಕೇ ಹೋದರು.

ಇಲ್ಲಿಗೆ ಬಂದದ್ದೇ ಆಯಿತು, ಯಾರೂ ಕೇಳದ ಒಂದು ವಿಷಯವನ್ನೂ ಹೇಳುತ್ತೇನೆ. ಎಲ್ಲರೂ ಗೆದ್ದವನ ಬಗ್ಗೆಯೇ ಮಾತಾಡುತ್ತಾರೆ. ಈ ಕಲೆಯಲ್ಲಿ ಹೆಚ್ಚಿನ ಕೆಲಸ ಸೋಲುವವನದು. ಏಟನ್ನು ನಂಬುವಂತೆ ಮಾಡುವುದು ಹೊಡೆಯುವವನಲ್ಲ, ತಿನ್ನುವವನು. ಇದಕ್ಕೆ ಅವರು ಸೆಲ್ ಮಾಡುವುದು ಎನ್ನುತ್ತಾರೆ. ಐದನೇ ನಿಮಿಷದಲ್ಲಿ ಮೊಣಕಾಲಿಗೆ ಏಟು ಬಿದ್ದಿದ್ದರೆ ಹದಿನೈದನೇ ನಿಮಿಷದಲ್ಲೂ ಕುಂಟಬೇಕು. ಮರೆತರೆ ಇಡೀ ಕಥೆ ಸತ್ತಿತು. ಈಗಿನ ಹುಡುಗರಲ್ಲಿ ಎಷ್ಟೋ ಜನ ಮರೆಯುತ್ತಾರೆ, ನನಗೆ ಅದು ನೋವಿನ ವಿಷಯ.

1987ರ ಮಾರ್ಚ್ 29ರ ರೆಸಲ್‌ಮೇನಿಯಾ 3 ಎಂಬ ಪ್ರದರ್ಶನದಲ್ಲಿ ರ‍್ಯಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್ ಆಡಿದ ಪಂದ್ಯವನ್ನು ನಾನು ನೋಡಿದ ಅತ್ಯುತ್ತಮ ಪಂದ್ಯಗಳ ಸಾಲಿನಲ್ಲಿ ಇಡುತ್ತೇನೆ. ಕಾಲು ಗಂಟೆಗೂ ಕಡಿಮೆ ಹೊತ್ತಿನ ಆ ಪಂದ್ಯದ ಒಂದೊಂದು ಹೆಜ್ಜೆಯನ್ನೂ ಸ್ಯಾವೇಜ್ ಮೊದಲೇ ಬರೆದಿಟ್ಟು, ಸ್ಟೀಮ್‌ಬೋಟ್‌ಗೆ ಪಾಠ ಒಪ್ಪಿಸುವ ಹಾಗೆ ಬಾಯಿಪಾಠ ಮಾಡಿಸಿದ್ದ. ಅಷ್ಟೆಲ್ಲ ದುಡಿದದ್ದು ತಾನು ಸೋಲುವ ಪಂದ್ಯಕ್ಕೆ.

ಅದೇ ದಿನದ ಕೊನೆಯ ಪಂದ್ಯ ಹಲ್ಕ್ ಹೊಗನ್ ಮತ್ತು ಆಂಡ್ರೆ ದಿ ಜಯಂಟ್. ಕಂಪನಿ ಹೇಳಿದ ಪ್ರೇಕ್ಷಕರ ಸಂಖ್ಯೆ 93,173, ಆಂಡ್ರೆಯ ತೂಕ 520 ಪೌಂಡ್. ಶುರುವಿನಲ್ಲೇ ಹೊಗನ್ ಅವನನ್ನು ಎತ್ತಲು ಹೋಗಿ, ಭಾರ ತಡೆಯಲಾರದೆ ಅವನಡಿಯೇ ಕುಸಿಯುತ್ತಾನೆ. ಕೊನೆಯಲ್ಲಿ ಎತ್ತಿ ಕೆಡವುತ್ತಾನೆ. ಹೊಗನ್‌ನ ತೋಳಿನ ಬಲವನ್ನು ಜಗತ್ತೇ ಕೊಂಡಾಡಿತು, ಚಿಕ್ಕಂದಿನಲ್ಲಿ ನಾನೂ ಕೊಂಡಾಡಿದೆ. ಆದರೆ ಅಷ್ಟು ದೊಡ್ಡ ದೇಹ ತಾನಾಗಿ ಒಪ್ಪಿ, ಸರಿಯಾದ ಗಳಿಗೆಯಲ್ಲಿ ಭಾರ ಹಗುರ ಮಾಡಿಕೊಡದಿದ್ದರೆ ಯಾರೂ ಅದನ್ನು ಎತ್ತಲಾರರು. ಆಂಡ್ರೆಯದು ಮೈ ಬೆಳೆಯುತ್ತಲೇ ಹೋಗುವ ಕಾಯಿಲೆಯ ದೇಹ. ಬೆನ್ನಿನ ಶಸ್ತ್ರಚಿಕಿತ್ಸೆ ಆಗಿತ್ತು, ನಿಲ್ಲುವುದೇ ಕಷ್ಟವಾಗಿತ್ತು. ಈಗ ಆ ಪಂದ್ಯ ಹಾಕಿದಾಗಲೆಲ್ಲ ನಾನು ಹೊಗನ್‌ನನ್ನು ನೋಡುವುದಿಲ್ಲ. ಆಂಡ್ರೆ ಹಗ್ಗ ಹಿಡಿದುಕೊಂಡು ಮೈಭಾರ ತಾಳಿಕೊಳ್ಳುವ ರೀತಿಯನ್ನು ನೋಡುತ್ತೇನೆ. ಒಂದೇ ಭುಜದ ಆ ಕಪ್ಪು ಉಡುಪಿನ ಒಳಗೆ, ಯಾರಿಗೂ ಕಾಣದ ಹಾಗೆ, ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಪಟ್ಟಿ ಇತ್ತು.