ಅರ್ಥಶಾಸ್ತ್ರದ ಪ್ರೊಫೆಸರ್ ಕೆಲಸ ಕಾಯಂ ಆಗಿದ್ದು ಹೇಗೆ?

ಅಮೆರಿಕದ ವಿಶ್ವವಿದ್ಯಾಲಯಕ್ಕೆ ಅರ್ಥಶಾಸ್ತ್ರದ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿದವರಿಗೆ ಸಾಮಾನ್ಯವಾಗಿ ಆರೇಳು ವರ್ಷದ ಗಡುವು ಇರುತ್ತದೆ. ಅಷ್ಟರೊಳಗೆ ಟೆನ್ಯೂರ್, ಅಂದರೆ ಕಾಯಂ ಹುದ್ದೆ ಸಿಗಬೇಕು. ಸಿಗದಿದ್ದರೆ ಬೇರೆ ಕಡೆ ಕೆಲಸ ಹುಡುಕಿಕೊಳ್ಳಬೇಕು. ಈ ಏರ್ಪಾಡು ಸುಮ್ನೆ ಹುಟ್ಟಿದ್ದಲ್ಲ. ಬಾಯಿಬಿಟ್ಟು ಮಾತಾಡಿ ಕೆಲಸಕ್ಕೆ ಕುತ್ತು ತಂದುಕೊಂಡ ಅರ್ಥಶಾಸ್ತ್ರಜ್ಞರ ಕಥೆ ಇದರ ಹಿಂದಿದೆ.

ಮೊದಲು ಅರ್ಥಶಾಸ್ತ್ರಕ್ಕೆಂದೇ ಪ್ರತ್ಯೇಕ ಮೇಷ್ಟ್ರು ಅಪರೂಪ. ಅರ್ಥಶಾಸ್ತ್ರದ ಪಿತಾಮಹ ಎನಿಸಿಕೊಂಡ ಆ್ಯಡಂ ಸ್ಮಿತ್ ಗ್ಲಾಸ್ಗೋದಲ್ಲಿ ಪಾಠ ಮಾಡಿದ್ದು ನೀತಿಶಾಸ್ತ್ರವನ್ನು. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಪದವಿ ಪರೀಕ್ಷೆ ಬಂದದ್ದು 1903ರಲ್ಲಿ, ಅದೂ ಅಲ್ಲಿನ ಪ್ರೊಫೆಸರ್ ಆಲ್ಫ್ರೆಡ್ ಮಾರ್ಷಲ್ ವರ್ಷಗಟ್ಟಲೆ ಪಟ್ಟು ಹಿಡಿದ ಮೇಲೆ.

ಆ ಕಾಲದ ಅಮೆರಿಕದಲ್ಲಿ ಅರ್ಥಶಾಸ್ತ್ರ ಕಲಿಸುವುದೆಂದರೆ ಕೂಲಿ, ಮುಷ್ಕರ, ರೈಲ್ವೆ ಒಡೆಯರ ಬಗ್ಗೆ ಮಾತಾಡುವುದು. ಕೆಲವು ವಿಶ್ವವಿದ್ಯಾಲಯಗಳು ನಡೆಯುತ್ತಿದ್ದದ್ದು ಅಂಥ ಒಡೆಯರ ದುಡ್ಡಿನಲ್ಲೇ. 1894ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ರಿಚರ್ಡ್ ಎಲಿ ಮುಷ್ಕರಕ್ಕೆ ಬೆಂಬಲ ಕೊಟ್ಟರು ಎಂದು ವಿಚಾರಣೆ ನಡೆಯಿತು. ಅವರು ಆರೋಪವೇ ಸುಳ್ಳು ಎಂದು ವಾದಿಸಿ ಗೆದ್ದರು. ಆದರೆ ಆರೋಪ ನಿಜವಾಗಿದ್ದರೆ ತಾವು ಈ ಕೆಲಸಕ್ಕೆ ಲಾಯಕ್ಕಲ್ಲ ಎಂದೂ ಒಪ್ಪಿಕೊಂಡುಬಿಟ್ಟರು. ಹಾಗಾದರೆ ಹಕ್ಕು ಎಲ್ಲಿ ಉಳಿಯಿತು, ಅಲ್ವಾ?

ಎಲಿ ಅವರ ಶಿಷ್ಯ ಎಡ್ವರ್ಡ್ ರಾಸ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದರು. ನಗರದ ಸೇವೆಗಳು ಖಾಸಗಿಯವರ ಕೈಯಲ್ಲಿರಬಾರದು ಎಂದು ಭಾಷಣ ಮಾಡಿದರು. ಏಷ್ಯಾದ ವಲಸಿಗರ ವಿರುದ್ಧವೂ ಮಾತಾಡಿದರು. ಅದು ಜನಾಂಗದ್ವೇಷದ ಮಾತು, ಸಮರ್ಥಿಸಲು ಆಗದ್ದು. ಸಂಸ್ಥಾಪಕರ ಪತ್ನಿ ಜೇನ್ ಸ್ಟ್ಯಾನ್‌ಫರ್ಡ್ ಅವರನ್ನು ತೆಗೆಯಲೇಬೇಕೆಂದು ಪಟ್ಟು ಹಿಡಿದರು. 1900ರಲ್ಲಿ ರಾಸ್ ಹುದ್ದೆ ಬಿಡಬೇಕಾಯಿತು. ಅದನ್ನು ವಿರೋಧಿಸಿ ಕೆಲವು ಸಹೋದ್ಯೋಗಿಗಳೂ ರಾಜೀನಾಮೆ ಕೊಟ್ಟರು. ಅವರಲ್ಲಿ ಒಬ್ಬರು ತತ್ತ್ವಶಾಸ್ತ್ರದ ಆರ್ಥರ್ ಲವ್‌ಜಾಯ್. 1915ರಲ್ಲಿ ಪ್ರೊಫೆಸರ್‌ಗಳ ರಾಷ್ಟ್ರೀಯ ಸಂಘ ಕಟ್ಟಿದವರಲ್ಲಿ ಅವರೂ ಇದ್ದರು. ಪ್ರೊಫೆಸರ್‌ಗಳ ಸ್ವಾತಂತ್ರ್ಯದ ಬಗ್ಗೆ ಆ ಸಂಘಕ್ಕೆ ಕರಡು ಬರೆದ ಸಮಿತಿಯ ಅಧ್ಯಕ್ಷರು ಅರ್ಥಶಾಸ್ತ್ರಜ್ಞ ಎಡ್ವಿನ್ ಸೆಲಿಗ್‌ಮನ್. ಸಂಘದ 1940ರ ಹೇಳಿಕೆಯಲ್ಲಿ ಮಾತು ಖಚಿತವಾಯಿತು: ಕಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ ಏಳು ವರ್ಷ ಮೀರಬಾರದು, ಆಮೇಲೆ ಸರಿಯಾದ ಕಾರಣವಿಲ್ಲದೆ ತೆಗೆಯುವಂತಿಲ್ಲ.

ದಾನಿಗಳ ಭಯ ಹೀಗೆ ಕಡಿಮೆಯಾಯಿತು. ಆದರೆ ಆ ಏಳು ವರ್ಷದಲ್ಲಿ ಅಳೆಯುವುದು ಏನನ್ನು? ಬರಬರುತ್ತಾ ಅದು ಐದು ಜರ್ನಲ್‌ಗಳ, ಅಂದರೆ ಸಂಶೋಧನಾ ಪತ್ರಿಕೆಗಳ, ಹೆಸರಿಗೆ ಬಂದು ನಿಂತಿತು. ಜನ ಅವನ್ನು ‘ಟಾಪ್ ಫೈವ್’ ಎಂದೇ ಕರೆಯುತ್ತಾರೆ. ಅರ್ಥಶಾಸ್ತ್ರಜ್ಞರಾದ ಜೇಮ್ಸ್ ಹೆಕ್‌ಮನ್ ಮತ್ತು ಸಿದ್ಧಾರ್ಥ ಮೊಕ್ತಾನ್ 2020ರಲ್ಲಿ ಅಮೆರಿಕದ ಮೊದಲ 35 ಅರ್ಥಶಾಸ್ತ್ರ ವಿಭಾಗಗಳ ಲೆಕ್ಕ ತೆಗೆದು, ಟೆನ್ಯೂರ್ ಸಿಗುವುದಕ್ಕೂ ಈ ಐದರಲ್ಲಿ ಪೇಪರ್ ಬರುವುದಕ್ಕೂ ಎಷ್ಟು ಗಟ್ಟಿ ನಂಟಿದೆ ಎಂದು ತೋರಿಸಿದರು.

ಈ ಅಳತೆ ನನಗೆ ಒಪ್ಪಿಗೆಯಿಲ್ಲ. ಹಳೇ ಕಾರಿನ ಮಾರುಕಟ್ಟೆಯಲ್ಲಿ ಕೊಳ್ಳುವವನಿಗಿಂತ ಮಾರುವವನಿಗೆ ಜಾಸ್ತಿ ಗೊತ್ತಿದ್ದರೆ ಏನಾಗುತ್ತದೆ ಎಂದು ಜಾರ್ಜ್ ಅಕರ್‌ಲಾಫ್ ಬರೆದ ಪೇಪರನ್ನೇ ನೋಡಿ. ಈ ಟಾಪ್ ಫೈವ್‌ನಲ್ಲೇ ಮೂರು ಜರ್ನಲ್‌ಗಳು ಅದನ್ನು ವಾಪಸ್ ಕಳಿಸಿದವು. ವಿಷಯ ತೀರಾ ಸಾಮಾನ್ಯ ಎಂಬುದು ಒಂದೆರಡು ಕಡೆಯ ನೆಪ. 1970ರಲ್ಲಿ ನಾಲ್ಕನೆಯದು ಅಚ್ಚು ಹಾಕಿತು. 2001ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು. ಈಗ ಒಂದು ಪೇಪರ್ ಕಳಿಸಿ, ತಿದ್ದಿ, ಮತ್ತೆ ಕಳಿಸಿ ಅಚ್ಚಾಗುವಷ್ಟರಲ್ಲಿ ಎಷ್ಟೋ ಸಲ ವರ್ಷಗಳೇ ಕಳೆಯುತ್ತವೆ. ನಾಲ್ಕನೇ ಬಾಗಿಲು ತಟ್ಟುವ ಹೊತ್ತಿಗೆ ಗಡುವೇ ಮುಗಿದಿರಬಹುದು. ಹಾಗಾಗಿ ಹೊಸಬರು ಬೇಗ ಮುಗಿಯುವ, ಸಂಪಾದಕರಿಗೆ ಪರಿಚಯವಿರುವ ಪ್ರಶ್ನೆಗಳನ್ನೇ ಆರಿಸಿಕೊಂಡರೆ ಅವರನ್ನು ದೂರಲು ನನಗೆ ಮನಸ್ಸಿಲ್ಲ. ತಪ್ಪು ಅವರನ್ನು ಹಾಗೆ ಅಳೆಯುವ ವಿಭಾಗಗಳದ್ದು. ಪೇಪರನ್ನು ಕೂತು ಓದಿ ತೀರ್ಮಾನಿಸುವ ಕೆಲಸವನ್ನು ಅವು ಜರ್ನಲ್‌ನ ಹೆಸರಿಗೆ ಒಪ್ಪಿಸಿಬಿಟ್ಟಿವೆ.